ಏಳು ತಿಂಗಳು ಊರಲ್ಲಿದ್ದು ಬಂದೆ, ಸಿಟಿಜನ್‌ಶಿಪ್ ಕೈ ತಪ್ಪಿತಾ?

ಪ್ರಶ್ನೆ: ನಾವಿರೋದು ನ್ಯೂಜೆರ್ಸಿಯಲ್ಲಿ. ಮದುವೆ ಆಗಿದ್ದು 2018ರಲ್ಲಿ, ಗಂಡನ ಮೂಲಕ ನಂಗೆ ಗ್ರೀನ್ ಕಾರ್ಡ್ ಬಂದಿದ್ದು 2021ರ ಮಾರ್ಚ್ 15ಕ್ಕೆ, ಅವರು 2022ರ ಆಗಸ್ಟ್‌ನಲ್ಲಿ ಸಿಟಿಜನ್ ಆದರು. 2023ರಲ್ಲಿ ಶಿವಮೊಗ್ಗದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ್ರು, ನೋಡ್ಕೊಳ್ಳೋಕೆ ಬೇರೆ ಯಾರೂ ಇರ್ಲಿಲ್ಲ, ಜುಲೈ 10ಕ್ಕೆ ನಾಲ್ಕು ವರ್ಷದ ಮಗನ್ನ ಕರ್ಕೊಂಡು ಹೊರಟೋಳು ವಾಪಸ್ ಬಂದಿದ್ದು 2024ರ ಫೆಬ್ರವರಿ 18ಕ್ಕೆ. ಮೊದಲೆರಡು ತಿಂಗಳು ಅಲ್ಲಿಂದಲೇ ಇಲ್ಲಿನ ಆಫೀಸ್ ಕೆಲಸ ಮಾಡಿದೆ, ಆಮೇಲೆ ಮ್ಯಾನೇಜರ್ ಆಗಲ್ಲ ಅಂದ್ರು, ರಿಸೈನ್ ಮಾಡ್ದೆ. ಬೆಂಗಳೂರಿನ ಒಂದು ಕಂಪನಿಗೆ ಮೂರು ತಿಂಗಳು ಕನ್ಸಲ್ಟಿಂಗ್ ಮಾಡ್ದೆ, ಟಿಡಿಎಸ್ ಅಲ್ಲೇ ಕಟ್ ಆಗಿತ್ತು, ಇಲ್ಲಿ ಟ್ಯಾಕ್ಸ್‌ನಲ್ಲಿ ತೋರಿಸಿಲ್ಲ. ಮಗನ್ನ ಅಲ್ಲೇ ಎಲ್‌ಕೆಜಿಗೆ ಸೇರಿಸಿದ್ವಿ. ಗಂಡ ಪೂರ್ತಿ ಇಲ್ಲೇ ನಮ್ಮ ಮನೆಯಲ್ಲೇ ಇದ್ರು. 2025ರಲ್ಲಿ ಮತ್ತೆ ಮೂರು ವಾರ ಹೋಗಿದ್ದೆ. 2026ರ ಮಾರ್ಚ್‌ಗೆ ಐದು ವರ್ಷ ತುಂಬುತ್ತೆ, ಅರ್ಜಿ ಹಾಕ್ಬಹುದಾ? ಫ್ರೆಂಡ್ಸ್ ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ. ಇನ್ನೊಂದು, ನಮ್ಮ ಮಾವನಿಗೆ ಭಾವನವರ ಕಡೆಯಿಂದ 2021ರಲ್ಲಿ ಗ್ರೀನ್ ಕಾರ್ಡ್ ಆಗಿದೆ. ಸಾಗರದ ಹತ್ರ ಅಡಿಕೆ ತೋಟ ಇದೆ, 2023ರ ನವೆಂಬರ್ 1ಕ್ಕೆ ಹೋದೋರು ಬಂದಿದ್ದು 2025ರ ಜನವರಿ 10ಕ್ಕೆ. ರೀ-ಎಂಟ್ರಿ ಪರ್ಮಿಟ್ ಇತ್ತು, ಹಾಗಾಗಿ ಅವರಿಗೇನೂ ತೊಂದ್ರೆ ಇಲ್ಲ ಅಲ್ವಾ? ಈಗ ವರ್ಷಕ್ಕೆ ಐದೂವರೆ ತಿಂಗಳು ಮಾತ್ರ ಅಲ್ಲಿರ್ತಾರೆ, ಆರು ತಿಂಗಳು ದಾಟದ ಹಾಗೆ ನೋಡ್ಕೋತೀವಿ. ಮೇ ತಿಂಗಳಲ್ಲಿ ತಂಗಿ ಮದುವೆ ಬೇರೆ ಇದೆ, ನಾನು ಒಂದು ತಿಂಗಳು ಹೋಗ್ಬಹುದಾ ಅಥವಾ ಅದೂ ಬೇಡ್ವಾ?

ಉತ್ತರ: ಮೊದಲು ಸಮಾಧಾನ ಮಾಡ್ಕೊಳ್ಳಿ, ಏನೂ ಕೈ ತಪ್ಪಿಲ್ಲ. ಆದ್ರೆ ಮಾರ್ಚ್‌ನಲ್ಲಿ ಅರ್ಜಿ ಹಾಕ್ಬೇಡಿ. ಗಂಡ 2022ರಲ್ಲಿ ಸಿಟಿಜನ್ ಆದರು ಅಂತ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಲ್ಲ, ನಿಮ್ಮ ಇಡೀ ಕೇಸ್ ನಿಂತಿರೋದು ಅದರ ಮೇಲೇನೇ. ಯಾಕೆ ಅಂತ ಸ್ವಲ್ಪ ಸುತ್ತಿ ಬಳಸಿ ಹೇಳ್ಬೇಕಾಗುತ್ತೆ, ತಾಳ್ಮೆಯಿಂದ ಓದಿ.

ನಮ್ಮ ಜನ ಹೆಚ್ಚುಕಮ್ಮಿ ಎಲ್ಲರೂ ಗ್ರೀನ್ ಕಾರ್ಡ್ ಮೇಲಿರೋ ದಿನಾಂಕ ನೋಡಿ ಅಲ್ಲಿಂದ ಮುಂದಕ್ಕೆ ಐದು ವರ್ಷ ಎಣಿಸಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕೂತಿರ್ತಾರೆ. ಆಫೀಸರ್ ಎಣಿಸೋದು ಹಾಗಲ್ಲ. ನೀವು ಅರ್ಜಿ ಹಾಕಿದ ದಿನ ಯಾವುದೋ ಅಲ್ಲಿಂದ ಹಿಂದಕ್ಕೆ ಐದು ವರ್ಷ, ಅಥವಾ ಸಿಟಿಜನ್ ಗಂಡ ಇಲ್ಲವೇ ಹೆಂಡತಿಯ ಜೊತೆ ಬಾಳ್ವೆ ಮಾಡ್ತಾ ಇರೋರಿಗೆ ಮೂರು ವರ್ಷ, ಅಷ್ಟನ್ನ ನೋಡ್ತಾರೆ. ಪ್ರವಾಸದ ಲೆಕ್ಕ ಬರೋದು ಆ ಅವಧಿಯೊಳಗೆ ಅದು ಎಷ್ಟು ಬಿದ್ದಿದೆ ಅನ್ನೋದರ ಮೇಲೆ. ಅಂದ್ರೆ ಅರ್ಜಿ ಹಾಕೋ ದಿನವನ್ನ ಆರಿಸ್ಕೊಳ್ಳೋದು ನಿಮ್ಮ ಕೈಯಲ್ಲಿದೆ, ಹೋಗಿ ಬಂದ ದಿನ ಬದಲಾಯಿಸೋಕಾಗಲ್ಲ ಆದ್ರೆ ಅರ್ಜಿ ದಿನ ಮುಂದೆ ಹಾಕ್ಬಹುದು. ಇದೊಂದು ಗೊತ್ತಿದ್ರೆ ಎಷ್ಟೋ ಜನರ ಅರ್ಜಿ ರಿಜೆಕ್ಟ್ ಆಗ್ತಿರ್ಲಿಲ್ಲ.

ಲೆಕ್ಕ ಎರಡು ಥರ ಇದೆ, ಎರಡನ್ನೂ ಕಲಸಿಕೊಂಡೇ ಜನ ಗೊಂದಲ ಮಾಡ್ಕೊಳ್ಳೋದು. ಒಂದು, ಈ ಅವಧಿ ಪೂರ್ತಿ ನಿಮ್ಮ ವಾಸ ಅಮೆರಿಕದಲ್ಲಿ ಬಿಡದೆ ಮುಂದುವರಿದಿತ್ತಾ. ಇನ್ನೊಂದು, ನೀವು ನಿಜವಾಗ್ಲೂ ಎಷ್ಟು ದಿನ ಈ ದೇಶದ ಒಳಗಿದ್ರಿ. ಎರಡನೇದು ಬರೀ ಕೂಡಿ ಕಳೆಯೋದು, ಐದು ವರ್ಷದ ದಾರಿಗೆ 30 ತಿಂಗಳು ಅಂದ್ರೆ 913 ದಿನ, ಮೂರು ವರ್ಷದ ದಾರಿಗೆ 18 ತಿಂಗಳು ಅಂದ್ರೆ 548 ದಿನ ಇದ್ದಿರಬೇಕು, ಅದೂ ಅರ್ಜಿ ಹಾಕೋ ದಿನಕ್ಕೇ ತುಂಬಿರಬೇಕು. ಇಲ್ಲಿಂದ ಹೊರಟ ದಿನ ಮತ್ತೆ ಬಂದಿಳಿದ ದಿನ ಎರಡನ್ನೂ ಇಲ್ಲೇ ಇದ್ದ ಹಾಗೆ ಲೆಕ್ಕ ಹಿಡೀತಾರೆ. ಇದರಲ್ಲಿ ನಿಮಗೆ ಯಾವ ದಾರಿ ಹಿಡಿದ್ರೂ ತೊಂದ್ರೆ ಇಲ್ಲ, ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ದಿನ ಇದೆ ನಿಮ್ಮ ಹತ್ರ. ಸಮಸ್ಯೆ ಇರೋದು ಮೊದಲನೇದರಲ್ಲಿ.

ಒಂದೇ ಸಲ ಹೋಗಿ ಆರು ತಿಂಗಳ ಒಳಗೆ ಬಂದ್ರೆ ಸಾಮಾನ್ಯವಾಗಿ ಪ್ರಶ್ನೆ ಬರಲ್ಲ (ಸಾಮಾನ್ಯವಾಗಿ ಅನ್ನೋ ಮಾತು ಮಾವನ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತೆ). ಆರು ತಿಂಗಳು ದಾಟಿ ಒಂದು ವರ್ಷದ ಒಳಗಾದ್ರೆ ವಾಸ ತುಂಡಾಯ್ತು ಅಂತ ಕಾನೂನೇ ಊಹೆ ಮಾಡ್ಕೊಳ್ಳುತ್ತೆ, ಅದು ತಪ್ಪು ಅಂತ ತೋರಿಸೋ ಭಾರ ನಿಮ್ಮ ಮೇಲೆ ಬೀಳುತ್ತೆ. ಆರು ತಿಂಗಳು ಅಂದ್ರೆ ಯುಎಸ್‌ಸಿಐಎಸ್‌ನವರ (ಸಿಟಿಜನ್‌ಶಿಪ್ ಅರ್ಜಿ ನೋಡೋ ಅಮೆರಿಕದ ಇಲಾಖೆ) ಲೆಕ್ಕದಲ್ಲಿ 180 ದಿನ, ಕ್ಯಾಲೆಂಡರ್‌ನಲ್ಲಿ ಈ ತಾರೀಖಿಂದ ಆ ತಾರೀಖಿಗೆ ಅಂತ ಎಣಿಸಿದ್ರೆ 183, 184 ಆಗಿಬಿಡುತ್ತೆ, ಎಷ್ಟೋ ಜನ ಅಲ್ಲೇ ಎಡವೋದು. ಇನ್ನು ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಊಹೆ ಗೀಹೆ ಏನೂ ಇಲ್ಲ, ತುಂಡು ಅಂದ್ರೆ ತುಂಡು, ತಾಯಿ ಆಸ್ಪತ್ರೇಲಿದ್ರೂ ಅಷ್ಟೆ, ಕೋವಿಡ್ ಇದ್ರೂ ಅಷ್ಟೆ. ನೀವು ಹೊರಟ ದಿನ ಬಂದ ದಿನ ಎರಡನ್ನೂ ಬಿಟ್ಟು ಎಣಿಸಿದ್ರೆ 222 ದಿನ ಹೊರಗಿದ್ರಿ. ಅಂದ್ರೆ ನಡುವಿನ ಗುಂಪು.

ಈ ಊಹೆಯನ್ನ ತೆಗೆದುಹಾಕೋಕೆ ಏನು ತೋರಿಸ್ಬೇಕು ಅಂತ ನಿಯಮದಲ್ಲೇ ನಾಲ್ಕು ವಿಷಯ ಉದಾಹರಣೆಗೆ ಅಂತ ಕೊಟ್ಟಿದ್ದಾರೆ. ಇಲ್ಲಿನ ಕೆಲಸ ಬಿಟ್ಟಿರ್ಬಾರ್ದು, ಹತ್ತಿರದ ಕುಟುಂಬ ಇಲ್ಲೇ ಇದ್ದಿರ್ಬೇಕು, ಇಲ್ಲಿನ ಮನೆ ಯಾವಾಗ ಬೇಕಾದ್ರೂ ಬಂದು ಇರೋ ಹಾಗೆ ನಿಮ್ಮದಾಗೇ ಉಳಿದಿರ್ಬೇಕು, ಹೊರಗಿದ್ದಾಗ ಅಲ್ಲಿ ಕೆಲಸ ಹಿಡಿದಿರ್ಬಾರ್ದು. ಈಗ ನಿಮ್ಮ ಕಥೆ ಇಟ್ಟು ನೋಡಿ. ಮನೆ ಇತ್ತು, ಗಂಡ ಅದರಲ್ಲೇ ಇದ್ರು, ಇದು ಗಟ್ಟಿ. ಆದ್ರೆ ಮಗ ನಿಮ್ಮ ಜೊತೆ ಬಂದು ಶಿವಮೊಗ್ಗದ ಸ್ಕೂಲಿಗೆ ಸೇರಿದ, ಅದು ಅರ್ಧಂಬರ್ಧ. ಕೆಲಸ ರಿಸೈನ್ ಮಾಡಿದ್ರಿ, ಬೆಂಗಳೂರಲ್ಲಿ ಬೇರೆ ಕೆಲಸ ಹಿಡಿದ್ರಿ, ಇವೆರಡೂ ನಿಮಗೆ ವಿರುದ್ಧ. ಅಮ್ಮನ ಆಪರೇಶನ್ ಕಾಗದ, ಡಿಸ್ಚಾರ್ಜ್ ಸಮ್ಮರಿ, ಫಿಸಿಯೋಥೆರಪಿ ಚೀಟಿ ಎಲ್ಲಾ ಇಟ್ರೆ ತಾತ್ಕಾಲಿಕವಾಗಿ ಹೋಗಿದ್ದು ಅನ್ನೋದಕ್ಕೆ ಬಲ ಬರುತ್ತೆ, ಸುಳ್ಳಲ್ಲ. ಒಬ್ಬ ಒಳ್ಳೆ ಆಫೀಸರ್ ಸಿಕ್ಕಿದ್ರೆ ಒಪ್ಪಿಕೊಳ್ಳಲೂಬಹುದು. ಆದ್ರೆ ಸಿಟಿಜನ್‌ಶಿಪ್ಪನ್ನ ಆ ದಿನ ಯಾವ ಆಫೀಸರ್ ಕೂತಿರ್ತಾರೆ ಅನ್ನೋದಕ್ಕೆ ಬಿಡೋ ಅಗತ್ಯ ನಿಮಗಿಲ್ಲ, ಯಾಕಂದ್ರೆ ನಿಮಗೆ ಇದಕ್ಕಿಂತ ಒಳ್ಳೆ ದಾರಿ ಇದೆ.

ಐದು ವರ್ಷದ ದಾರಿಯಲ್ಲೇ ಹೋಗ್ತೀನಿ, ಆದ್ರೆ ಆಫೀಸರ್ ಜೊತೆ ವಾದ ಬೇಡ ಅಂದ್ರೆ ನೀವು ವಾಪಸ್ ಬಂದ ದಿನದಿಂದ ನಾಲ್ಕೂವರೆ ವರ್ಷ ಕಾಯ್ಬೇಕು, ಆಗ ಹಿಂದಕ್ಕೆ ಎಣಿಸಿದ ಐದು ವರ್ಷದೊಳಗೆ ಆ ಪ್ರವಾಸದ ಆರು ತಿಂಗಳಷ್ಟೇ ಉಳಿಯೋದು. ಅದು 2028ರ ಆಗಸ್ಟ್ ಕೊನೆಗೆ ಬರುತ್ತೆ. ಇನ್ನೂ ಎರಡೂವರೆ ವರ್ಷ. ಗಂಡನ ಮೂಲಕ ಮೂರು ವರ್ಷದ ದಾರಿ ಹಿಡಿದ್ರೆ ಅದೇ ಲೆಕ್ಕ ಎರಡೂವರೆ ವರ್ಷಕ್ಕೆ ಇಳಿಯುತ್ತೆ. 2024ರ ಫೆಬ್ರವರಿಗೆ ಎರಡೂವರೆ ವರ್ಷ ಸೇರಿಸಿದ್ರೆ 2026ರ ಆಗಸ್ಟ್. ನಾನಾದ್ರೆ ಆಗಸ್ಟ್ 18ಕ್ಕೇ ಹಾಕಲ್ಲ, ಅವತ್ತು ಹಾಕಿದ್ರೆ ಅವಧಿಯೊಳಗೆ 184 ದಿನ ಉಳಿಯುತ್ತೆ, ಮತ್ತೆ ಅದೇ ನಾಲ್ಕು ದಿನದ ತಗಾದೆ. ಸೆಪ್ಟೆಂಬರ್ 1 ದಾಟಿಸಿ. ಅವತ್ತಿಂದ ಹಿಂದಕ್ಕೆ ಮೂರು ವರ್ಷ ಅಂದ್ರೆ 2023ರ ಸೆಪ್ಟೆಂಬರ್ 1, ಅಲ್ಲಿಂದ ನೀವು ಬಂದಿಳಿದ ಫೆಬ್ರವರಿ 18ಕ್ಕೆ 170 ದಿನ. ಊಹೆಯೇ ಹುಟ್ಟಲ್ಲ. ಗಂಡ ಸಿಟಿಜನ್ ಆಗಿ ಆ ಹೊತ್ತಿಗೆ ನಾಲ್ಕು ವರ್ಷ ಆಗಿರುತ್ತೆ, ನೀವು ಗ್ರೀನ್ ಕಾರ್ಡ್ ತಗೊಂಡು ಐದು ವರ್ಷ ದಾಟಿರುತ್ತೆ, ಎರಡೂ ಸಾಕಷ್ಟಾಯ್ತು. ಐದು ವರ್ಷ ಆದೋರು ಮೂರು ವರ್ಷದ ದಾರಿಯಲ್ಲಿ ಹಾಕ್ಬಾರ್ದು ಅಂತ ಎಲ್ಲೂ ಇಲ್ಲ. ಸಿಟಿಜನ್‌ಶಿಪ್‌ಗೆ ಹಾಕೋ ಎನ್-400 ಫಾರ್ಮ್‌ನ ಶುರುವಿನಲ್ಲೇ ಯಾವ ಆಧಾರದ ಮೇಲೆ ಅಂತ ಕೇಳ್ತಾರೆ, ಅಲ್ಲಿ ಸರಿಯಾದ ಬಾಕ್ಸ್ ಟಿಕ್ ಮಾಡ್ಬೇಕು ಅಷ್ಟೆ, ಸುಮ್ನೆ ಮೊದಲನೇ ಬಾಕ್ಸ್‌ಗೆ ಟಿಕ್ ಹಾಕಿ ಮುಂದೆ ಹೋಗೋರು ಬಹಳ ಜನ.

ಈ ದಾರಿಯಲ್ಲೂ ಒಂದು ಕಡೆ ಜಾಗ್ರತೆ ಬೇಕು. ಮೂರು ವರ್ಷ ಗಂಡ ಹೆಂಡತಿ ಕೂಡಿ ಬಾಳ್ವೆ ಮಾಡಿರ್ಬೇಕು ಅನ್ನೋದು ಷರತ್ತು, ಆ ಮೂರು ವರ್ಷದ ಶುರುವಿನ ಐದೂವರೆ ತಿಂಗಳು ನೀವು ಶಿವಮೊಗ್ಗದಲ್ಲಿ ಅವರು ನ್ಯೂಜೆರ್ಸಿಯಲ್ಲಿ. ಅಮ್ಮನ ಆರೈಕೆಗೆ ಹೋದ್ರೆ ಸಂಸಾರ ಬೇರೆ ಆಯ್ತು ಅಂತ ಅರ್ಥ ಅಲ್ಲ, ಇಬ್ಬರ ಮನೆಯೂ ಅದೇ ಆಗಿತ್ತು, ಆದ್ರೆ ಕೇಳಿದ್ರೆ ತೋರಿಸೋಕೆ ಇರ್ಲಿ. ಇಬ್ಬರ ಹೆಸರಲ್ಲಿರೋ ಮನೆ ಕಾಗದ ಅಥವಾ ಲೀಸು, ಜಂಟಿ ಟ್ಯಾಕ್ಸ್ ರಿಟರ್ನ್‌ನ ಐಆರ್‌ಎಸ್ (ಇಲ್ಲಿನ ತೆರಿಗೆ ಇಲಾಖೆ) ಟ್ರಾನ್ಸ್‌ಕ್ರಿಪ್ಟ್, ಜಾಯಿಂಟ್ ಅಕೌಂಟಿನ ಆ ತಿಂಗಳುಗಳ ಸ್ಟೇಟ್‌ಮೆಂಟ್, ಕಾರ್ ಇನ್ಶೂರೆನ್ಸ್, ಮಗನ ಡಾಕ್ಟರ್ ಕಡೆ ಇರೋ ಅಡ್ರೆಸ್. ಅವರು ನಡುವೆ ನಿಮ್ಮನ್ನ ನೋಡೋಕೆ ಬಂದಿದ್ರೆ ಆ ಟಿಕೆಟ್ ಕೂಡ. ಅಮ್ಮನ ಆಸ್ಪತ್ರೆ ಕಾಗದ ಇಲ್ಲೂ ಕೆಲಸಕ್ಕೆ ಬರುತ್ತೆ, ಬಿಸಾಕಿದ್ರೆ ಆಸ್ಪತ್ರೆಯಿಂದ ಈಗಲೇ ಮತ್ತೆ ಕಾಪಿ ತರಿಸ್ಕೊಳ್ಳಿ, ನಮ್ಮ ಕಡೆ ರೆಕಾರ್ಡ್ಸ್ ಸೆಕ್ಷನ್‌ನವರು ಹಳೇ ಫೈಲ್ ಹುಡುಕೋದಕ್ಕೆ ಎಷ್ಟು ಓಡಾಡಿಸ್ತಾರೆ ಅಂತ ನಿಮಗೇ ಗೊತ್ತು.

ನೀವು ಕೇಳದೆ ಇದ್ರೂ ನಂಗೆ ನಿಮ್ಮ ಪ್ರವಾಸಕ್ಕಿಂತ ಜಾಸ್ತಿ ಚಿಂತೆ ಆಗಿದ್ದು ಆ ಕನ್ಸಲ್ಟಿಂಗ್ ದುಡ್ಡಿನ ಬಗ್ಗೆ. ಗ್ರೀನ್ ಕಾರ್ಡ್ ಇದ್ದೋರು ಪ್ರಪಂಚದಲ್ಲಿ ಎಲ್ಲೇ ಸಂಪಾದಿಸಿದ್ರೂ ಇಲ್ಲಿ ತೋರಿಸ್ಬೇಕು, ಭಾರತದಲ್ಲಿ ಟಿಡಿಎಸ್ ಆಯ್ತು ಅಂದ್ರೆ ಇಲ್ಲಿ ಮುಗೀತು ಅಂತಲ್ಲ. ಎನ್-400ನಲ್ಲಿ ಕೆಲಸದ ಇತಿಹಾಸ ಬರೀಬೇಕು, ಅಲ್ಲಿ ಬೆಂಗಳೂರು ಕಂಪನಿ ಹೆಸರು ಬರೆದು ಟ್ಯಾಕ್ಸ್‌ನಲ್ಲಿ ಆ ದುಡ್ಡು ಕಾಣಿಸ್ದೆ ಹೋದ್ರೆ ನಡತೆಯ ಪ್ರಶ್ನೆ ಏಳುತ್ತೆ, ಬರೀದೇ ಹೋದ್ರೆ ಅದು ಸುಳ್ಳು ಹೇಳಿದ ಹಾಗೆ, ಅದು ಇನ್ನೂ ಕೆಟ್ಟದ್ದು. ಅರ್ಜಿಗೆ ಇನ್ನೂ ತಿಂಗಳುಗಳಿವೆ, ಈಗಲೇ ಒಬ್ಬ ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕರು) ಹಿಡಿದು ಆ ವರ್ಷದ ರಿಟರ್ನ್ 1040-ಎಕ್ಸ್ ಹಾಕಿ ತಿದ್ದಿಸಿ, ದುಡ್ಡು ಡಿಸೆಂಬರ್ ದಾಟಿ ಬಂದಿದ್ರೆ 2023, 2024 ಎರಡೂ ವರ್ಷದ್ದು ನೋಡ್ಬೇಕಾಗುತ್ತೆ. ಭಾರತದಲ್ಲಿ ಕಟ್ಟಿದ ತೆರಿಗೆಗೆ 1116 ಫಾರ್ಮ್‌ನಲ್ಲಿ ಕ್ರೆಡಿಟ್ ಸಿಗುತ್ತೆ, ಹಾಗಾಗಿ ಕೈಯಿಂದ ಹೋಗೋದು ಹೆದರಿಕೊಂಡಷ್ಟು ಇರಲ್ಲ. ಯಾರಾದ್ರೂ 2555 ಫಾರ್ಮ್ ಹಾಕಿ ಆ ಆದಾಯ ಪೂರ್ತಿ ಬಿಡಿಸ್ಬಹುದು ಅಂತ ಹೇಳಿದ್ರೆ ಕೇಳ್ಬೇಡಿ, ಅದಕ್ಕೆ 330 ದಿನ ಹೊರದೇಶದಲ್ಲಿರ್ಬೇಕು ಇಲ್ಲಾ ಅಲ್ಲೇ ವಾಸ ಅಂತ ಹೇಳ್ಕೋಬೇಕು, ಅಲ್ಲೇ ವಾಸ ಅಂತ ಐಆರ್‌ಎಸ್‌ಗೆ ಬರೆದುಕೊಟ್ಟು ಇಲ್ಲೇ ವಾಸ ಅಂತ ಯುಎಸ್‌ಸಿಐಎಸ್‌ಗೆ ಹೇಳೋಕಾಗುತ್ತಾ? ನಾನ್-ರೆಸಿಡೆಂಟ್ ಅಂತ 1040-ಎನ್‌ಆರ್ ಹಾಕಿದೋರಿಗೂ ಇದೇ ಗತಿ, ಅದನ್ನ ವಾಸ ಬಿಟ್ಟ ಲಕ್ಷಣ ಅಂತಾನೇ ನಿಯಮ ನೋಡುತ್ತೆ. ಜೊತೆಗೆ ಆ ದುಡ್ಡು ಬಿದ್ದಿದ್ದ ಖಾತೆ ಮತ್ತೆ ಅಲ್ಲಿನ ಬೇರೆ ಖಾತೆಗಳು ಎಲ್ಲಾ ಸೇರಿ ವರ್ಷದಲ್ಲಿ ಯಾವತ್ತಾದ್ರೂ 10,000 ಡಾಲರ್ ದಾಟಿದ್ರೆ ಎಫ್‌ಬಾರ್ (ಹೊರದೇಶದ ಖಾತೆಗಳ ವರದಿ) ಕೂಡ ಹಾಕಿರ್ಬೇಕಿತ್ತು, ಅದನ್ನೂ ಸಿಪಿಎ ಹತ್ರ ಕೇಳಿ.

ಪ್ರವಾಸದ ಪಟ್ಟಿ ಬಗ್ಗೆ ಒಂದು ಮಾತು. ಫಾರ್ಮ್‌ನಲ್ಲಿ 24 ಗಂಟೆ ದಾಟಿದ ಪ್ರತಿ ಪ್ರವಾಸವನ್ನೂ ಬರೀಬೇಕು, ಕೆನಡಾಗೆ ನಯಾಗರ ನೋಡೋಕೆ ಹೋಗಿ ರಾತ್ರಿ ಉಳಿದು ಮಾರನೇ ದಿನ ಸಂಜೆ ಬಂದಿದ್ದೂ ಸೇರಿ. ನೆನಪಿನಿಂದ ಬರೀಬೇಡಿ. ಪಾಸ್‌ಪೋರ್ಟ್‌ನಲ್ಲಿ ಬೆಂಗಳೂರು ಇಮಿಗ್ರೇಶನ್‌ನವರ ಬಂದ ಹೋದ ಸೀಲುಗಳಿರ್ತವೆ, ಆದ್ರೆ ಒಂದು ಎಡವಟ್ಟು ಇದೆ, ಅಲ್ಲಿ ಒಂಬತ್ತನೇ ತಾರೀಖು ಬೆಳಗಿನ ಜಾವ ಇಳಿದಿರ್ತೀರಿ, ಇಲ್ಲಿಂದ ಹೊರಟಿದ್ದು ಏಳನೇ ತಾರೀಖು ರಾತ್ರಿ. ಲೆಕ್ಕಕ್ಕೆ ಬೇಕಾಗಿರೋದು ಅಮೆರಿಕ ಬಿಟ್ಟ ದಿನ, ಭಾರತ ಮುಟ್ಟಿದ ದಿನ ಅಲ್ಲ. ಏರ್‌ಲೈನ್‌ನವರ ಹಳೇ ಈಮೇಲ್‌ಗಳನ್ನ ಹುಡುಕಿ ಎರಡನ್ನೂ ತಾಳೆ ನೋಡಿ. ಪಾಸ್‌ಪೋರ್ಟ್ ರಿನ್ಯೂ ಮಾಡ್ಸಿದ್ರೆ ಮೂಲೆ ಕತ್ತರಿಸಿ ವಾಪಸ್ ಕೊಡ್ತಾರಲ್ಲ ಹಳೇದು, ಅದನ್ನ ಜೋಪಾನವಾಗಿಡಿ, ಇಂಟರ್‌ವ್ಯೂಗೆ ತಗೊಂಡು ಹೋಗ್ಬೇಕು.

ಈಗ ಮಾವನವರ ವಿಷಯ. ಇಲ್ಲಿ ಮಾತ್ರ ನೀವು ಅಂದ್ಕೊಂಡಿದ್ದು ಸರಿ ಇಲ್ಲ.

ರೀ-ಎಂಟ್ರಿ ಪರ್ಮಿಟ್ ಕಾಪಾಡೋದು ಗ್ರೀನ್ ಕಾರ್ಡನ್ನ, ಸಿಟಿಜನ್‌ಶಿಪ್‌ನ ಎಣಿಕೆಯನ್ನಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ಸೀಟು ಉಳಿಯುತ್ತೆ, ಆದ್ರೆ ನೀವು ಹತ್ತದೆ ಕೆಳಗೇ ನಿಂತ್ರೆ ಊರು ತಲುಪಿದ ಹಾಗಾಗಲ್ಲ, ಇದೂ ಅಷ್ಟೆ. ಪರ್ಮಿಟ್ ಇದ್ದಿದ್ದಕ್ಕೆ 14 ತಿಂಗಳಾದ್ಮೇಲೂ ವೀಸಾ ಇಲ್ಲದೆ ವಾಪಸ್ ಬರೋಕಾಯ್ತು, ಅದಿಲ್ಲದೆ ಒಂದು ವರ್ಷ ದಾಟಿದ್ರೆ ಎಸ್‌ಬಿ-1 (ಗ್ರೀನ್ ಕಾರ್ಡ್‌ನೋರು ವಾಪಸ್ ಬರೋಕೆ ಕೊಡೋ) ವೀಸಾಗೆ ಕಾನ್ಸುಲೇಟ್ ಬಾಗಿಲು ತಟ್ಟಬೇಕಾಗ್ತಿತ್ತು, ತಡ ಆಗಿದ್ದು ನಿಮ್ಮ ಕೈ ಮೀರಿದ ಕಾರಣಕ್ಕೆ ಅಂತ ಅಲ್ಲಿ ನಂಬಿಸ್ಬೇಕು, ಸುಲಭ ಅಲ್ಲ. ಇಲ್ಲೇ ಇರುವಾಗ ಪರ್ಮಿಟ್‌ನ ಅರ್ಜಿ ಐ-131 ಹಾಕಿ ಬೆರಳಚ್ಚು ಕೊಟ್ಟು ಹೋಗಿದ್ದು ಒಳ್ಳೇ ಕೆಲಸಾನೇ, ಯಾರು ಹೇಳಿಕೊಟ್ರೋ ಅವರಿಗೆ ಕಾಫಿ ಕೊಡಿಸಿ. ಆದ್ರೆ ಸಿಟಿಜನ್‌ಶಿಪ್ ಲೆಕ್ಕಕ್ಕೆ ಒಂದು ವರ್ಷ ದಾಟಿದ್ದೇ ತಡ, 2021ರಿಂದ ಕೂಡಿಟ್ಟಿದ್ದೆಲ್ಲಾ ಹೋಯ್ತು. ಹೊಸ ಎಣಿಕೆ ಶುರುವಾಗೋದು ಅವರು ವಾಪಸ್ ಬಂದ 2025ರ ಜನವರಿ 10ರಿಂದ.

ಅಲ್ಲಿಂದ ನಾಲ್ಕು ವರ್ಷ ಒಂದು ದಿನಕ್ಕೆ ಅರ್ಜಿ ಹಾಕ್ಬಹುದು ಅಂತ ನಿಯಮ ಇದೆ, ಅಂದ್ರೆ 2029ರ ಜನವರಿ 11. ಆದ್ರೆ ಅವತ್ತು ಹಿಂದಕ್ಕೆ ಎಣಿಸಿದ್ರೆ ಅವಧಿಯೊಳಗೆ ಇನ್ನೂ ಹತ್ತಿರ ಹತ್ತಿರ ಒಂದು ವರ್ಷದ ಗೈರು ಇರುತ್ತೆ, ಒಂದು ವರ್ಷ ಆಗಿಲ್ಲ ಅಷ್ಟೆ, ಆರು ತಿಂಗಳು ದಾಟಿದ ಊಹೆ ಹಾಗೇ ಇರುತ್ತೆ. ಅದೂ ಬೇಡ ಅಂದ್ರೆ ನಾಲ್ಕೂವರೆ ವರ್ಷ, 2029ರ ಜುಲೈ ಮಧ್ಯ ದಾಟಿಸ್ಬೇಕು. ಈಗ ಕೂಡಿಸಿ ನೋಡಿ. 2029ರ ಜುಲೈಗೆ ಹಾಕಿದ್ರೆ ಹಿಂದಿನ ಐದು ವರ್ಷ ಅಂದ್ರೆ 60 ತಿಂಗಳು, ಅದರಲ್ಲಿ ಮೊದಲ ಆರು ತಿಂಗಳು ಸಾಗರದಲ್ಲಿ. ಆಮೇಲೆ 2025, 26, 27, 28 ನಾಲ್ಕು ವರ್ಷ ಐದೂವರೆ ತಿಂಗಳ ಲೆಕ್ಕದಲ್ಲಿ 22 ತಿಂಗಳು. ಒಟ್ಟು 28 ತಿಂಗಳು ಹೊರಗೆ, 32 ಒಳಗೆ. ಬೇಕಾಗಿರೋದು 30. ಅಂಚಿನಲ್ಲಿ ಪಾಸ್, ಆದ್ರೆ 2029ರ ಮೊದಲರ್ಧದಲ್ಲಿ ಇನ್ನೊಂದು ಸಲ ಹೋಗಿಬಂದ್ರೆ ಫೇಲ್. ಯಾವುದಾದ್ರೂ ವರ್ಷ ಕೊಯ್ಲು ತಡ ಆಯ್ತು, ಆಳು ಸಿಗ್ಲಿಲ್ಲ, ಕೊಳೆ ಬಂತು ಅಂತ ಎರಡು ತಿಂಗಳು ಜಾಸ್ತಿ ಉಳಿದ್ರೂ ಮುಗೀತು.

ಅದಕ್ಕಿಂತ ದೊಡ್ಡ ಪ್ರಶ್ನೆ ಅವರ ವಾಸ ಎಲ್ಲಿ ಅನ್ನೋದು. ಆರು ತಿಂಗಳಿಗೊಮ್ಮೆ ಬಂದು ತಲೆ ತೋರಿಸಿ ಹೋದ್ರೆ ಸಾಕು ಅಂತ ವಾಟ್ಸಾಪ್ ಗ್ರೂಪಲ್ಲಿ ತಿರುಗ್ತಾ ಇರುತ್ತಲ್ಲ, ಅದು ಅರ್ಧ ಸತ್ಯ, ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಜಾಸ್ತಿ ಹಾಳು ಮಾಡುತ್ತೆ. ಒಂದೊಂದು ಪ್ರವಾಸವೂ ಆರು ತಿಂಗಳ ಒಳಗಿದ್ರೂ ಎಲ್ಲಾ ಸೇರಿಸಿ ನೋಡಿ ಈ ಮನುಷ್ಯ ನಿಜವಾಗ್ಲೂ ಇಲ್ಲಿ ವಾಸ ಮಾಡ್ತಿದ್ದಾನಾ ಅಂತ ಆಫೀಸರ್ ಕೇಳ್ಬಹುದು. ಸಿಟಿಜನ್‌ಶಿಪ್ ಇಂಟರ್‌ವ್ಯೂ ಒಂದೇ ಅಲ್ಲ, ಏರ್‌ಪೋರ್ಟಲ್ಲೂ ಕೇಳ್ತಾರೆ. ಅಬುಧಾಬಿ ಮೇಲೆ ಬರೋರಿಗೆ ಅಮೆರಿಕದ ಇಮಿಗ್ರೇಶನ್ ಅಲ್ಲೇ ಮುಗಿಯುತ್ತೆ, ವಿಮಾನ ಹತ್ತೋದಕ್ಕೂ ಮೊದಲೇ ಕೌಂಟರ್‌ನಲ್ಲಿ ಸಿಬಿಪಿಯವರು (ಅಮೆರಿಕದ ಗಡಿ ಅಧಿಕಾರಿಗಳು) ಕೂತಿರ್ತಾರೆ. ನಮ್ಮ ಹಿರಿಯರು ಮುಗ್ಧರು, ವೇರ್ ಡು ಯು ಲಿವ್ ಸರ್ ಅಂದ್ರೆ ಬಾಯ್ತುಂಬ ಸಾಗರ, ಶಿಮೊಗ್ಗ ಡಿಸ್ಟ್ರಿಕ್ಟ್ ಅಂತಾರೆ, ಇಲ್ಲಿಗೆ ಯಾಕೆ ಬಂದ್ರಿ ಅಂದ್ರೆ ಮೊಮ್ಮಕ್ಕಳನ್ನ ನೋಡೋಕೆ ಅಂತಾರೆ. ಅದು ವಿಸಿಟರ್ ವೀಸಾದೋರು ಹೇಳೋ ಉತ್ತರ. ಹಾಗಂತ ಸುಳ್ಳು ಹೇಳಿಸಿ ಅಂತ ನಾನು ಹೇಳ್ತಿಲ್ಲ, ಉತ್ತರ ನಿಜವಾಗ್ಲೂ ಅದೇ ಆಗಿದ್ರೆ ಗ್ರೀನ್ ಕಾರ್ಡ್ ಇಟ್ಕೊಳ್ಳೋದರ ಬಗ್ಗೇನೇ ಮನೆಯಲ್ಲಿ ಕೂತು ಮಾತಾಡ್ಬೇಕು. ಅವರು ನಿಜವಾಗ್ಲೂ ಭಾವನವರ ಮನೆಯಲ್ಲೇ ಇದ್ದು ಕೊಯ್ಲಿಗೆ ಮಾತ್ರ ಹೋಗಿಬರೋದಾದ್ರೆ ಅದಕ್ಕೆ ತಕ್ಕ ಹಾಗೆ ಕಾಗದಗಳಿರ್ಲಿ, ಇಲ್ಲಿನ ಬ್ಯಾಂಕ್ ಖಾತೆ, ಸ್ಟೇಟ್ ಐಡಿ, ಡಾಕ್ಟರ್, ವರ್ಷ ವರ್ಷ ರೆಸಿಡೆಂಟ್ ಅಂತ ಹಾಕಿದ ಟ್ಯಾಕ್ಸ್, ತೋಟದ ಆದಾಯವನ್ನೂ ಸೇರಿಸಿ. ಭಾರತದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ರೆ ಅಮೆರಿಕದ ರಿಟರ್ನ್‌ನಲ್ಲಿ ಅಡಿಕೆ ದುಡ್ಡೂ ಆದಾಯಾನೇ. ಇದನ್ನ ಹೇಳಿದ್ರೆ ಹಿರಿಯರಿಗೆ ಸಿಟ್ಟು ಬರುತ್ತೆ, ಬರ್ಲಿ. ಇನ್ನು ಏರ್‌ಪೋರ್ಟಲ್ಲಿ ಯಾರಾದ್ರೂ ಐ-407 ಅನ್ನೋ ಫಾರ್ಮ್‌ಗೆ ಸೈನ್ ಹಾಕಿ ಅಂತ ಕೊಟ್ರೆ ಹಾಕ್ಬಾರ್ದು ಅಂತ ಈಗಲೇ ಹೇಳಿಟ್ಟಿರಿ, ಅದು ಗ್ರೀನ್ ಕಾರ್ಡನ್ನ ನಾನಾಗಿ ಬಿಟ್ಟುಕೊಡ್ತೀನಿ ಅನ್ನೋ ಕಾಗದ, ಸೈನ್ ಹಾಕದೆ ಇಮಿಗ್ರೇಶನ್ ಜಡ್ಜ್ ಮುಂದೆ ಹೋಗ್ತೀನಿ ಅನ್ನೋ ಹಕ್ಕು ಅವರಿಗಿದೆ.

ಇಷ್ಟೆಲ್ಲಾ ಆದ್ಮೇಲೂ ಮಾವನವರನ್ನ ಒಂದು ಮಾತು ಕೇಳಿ, ಅವರಿಗೆ ಸಿಟಿಜನ್‌ಶಿಪ್ ಬೇಕಾ ಅಂತ. ಭಾರತದಲ್ಲಿ ಎರಡು ಪೌರತ್ವ ಇಲ್ಲ, ಇಲ್ಲಿ ಪ್ರಮಾಣವಚನ ತಗೊಂಡ ಕ್ಷಣ ಅಲ್ಲಿನ ಪೌರತ್ವ ಹೋಗುತ್ತೆ, ಪಾಸ್‌ಪೋರ್ಟ್ ಸರೆಂಡರ್ ಮಾಡಿ ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್) ತಗೋಬೇಕು. ಈಗಿರೋ ತೋಟ ಇಟ್ಕೋಬಹುದು, ಅದನ್ನ ಯಾರೂ ಕಿತ್ಕೊಳ್ಳಲ್ಲ, ಆದ್ರೆ ಒಸಿಐ ಇಟ್ಕೊಂಡು ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂತು ಅಂತ ಕೊಂಡುಕೊಳ್ಳೋಕಾಗಲ್ಲ, ಕೃಷಿ ಜಮೀನು ಪ್ಲಾಂಟೇಶನ್ ಯಾವುದೂ. ಮತ ಹಾಕೋಕೂ ಆಗಲ್ಲ. ಅಲ್ಲಿ ತೋಟ ನೋಡ್ಕೊಂಡಿರೋದೇ ಅವರಿಗೆ ಖುಷಿ ಅಂತಿದ್ರೆ ಗ್ರೀನ್ ಕಾರ್ಡ್ ಬಿಟ್ಟು ಹತ್ತು ವರ್ಷದ ವಿಸಿಟರ್ ವೀಸಾ ಕೇಳೋರೂ ಇದ್ದಾರೆ, ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಇಂಗ್ಲಿಷ್ ಪರೀಕ್ಷೆಯ ವಿನಾಯಿತಿ ಮೇಲೂ ಲೆಕ್ಕ ಇಟ್ಕೋಬೇಡಿ, ವಯಸ್ಸು 55 ದಾಟಿ ಗ್ರೀನ್ ಕಾರ್ಡಲ್ಲಿ 15 ವರ್ಷ, ಅಥವಾ 50 ದಾಟಿ 20 ವರ್ಷ ಆಗಿರ್ಬೇಕು ಅದಕ್ಕೆ, 2029ಕ್ಕೆ ಅವರಿಗೆ ಆಗಿರೋದು ಎಂಟು ವರ್ಷ.

ಇದೇ ಥರ ಕೇಳೋ ಇನ್ನೊಂದು ಗುಂಪು ಇದೆ, ಇಲ್ಲಿನ ಕಂಪನಿಯೇ ಬೆಂಗಳೂರು ಆಫೀಸಿಗೆ ಎರಡು ವರ್ಷಕ್ಕೆ ಕಳಿಸಿದೋರು, ಅವರಿಗೂ ಸೇರಿಸಿ ಹೇಳ್ಬಿಡ್ತೀನಿ. ಎನ್-470 ಅಂತ ಒಂದು ಫಾರ್ಮ್ ಇದೆ, ಗ್ರೀನ್ ಕಾರ್ಡ್ ಆದ್ಮೇಲೆ ಒಂದು ವರ್ಷ ಒಂದು ದಿನವೂ ಬಿಡದೆ ಇಲ್ಲಿದ್ದು, ಅಮೆರಿಕನ್ ಕಂಪನಿಯ ವಿದೇಶಿ ವ್ಯಾಪಾರದ ಕೆಲಸಕ್ಕೇ ಹೋಗ್ತಿರೋದಾದ್ರೆ, ಹೊರಗೆ ಒಂದು ವರ್ಷ ತುಂಬೋ ಮೊದಲೇ ಅದನ್ನ ಹಾಕಿದ್ರೆ ವಾಸ ತುಂಡಾಗಲ್ಲ. ಆದ್ರೆ 913 ದಿನದ ಲೆಕ್ಕದಿಂದ ಬಿಡುಗಡೆ ಇಲ್ಲ, ಅದು ಸರ್ಕಾರದ ಕೆಲಸದಲ್ಲಿರೋರಿಗೆ ಮಾತ್ರ, ಮತ್ತೆ ರೀ-ಎಂಟ್ರಿ ಪರ್ಮಿಟ್ ಬೇರೆಯಾಗೇ ಬೇಕು. ಅಮ್ಮನ್ನ ನೋಡ್ಕೊಳ್ಳೋಕೆ, ತೋಟ ನೋಡ್ಕೊಳ್ಳೋಕೆ ಹೋಗೋರಿಗೆ ಇದು ಸಿಗಲ್ಲ.

ಮಾರ್ಚ್‌ನಲ್ಲೇ ಹಾಕಿಬಿಟ್ರೆ ಏನಾಗುತ್ತೆ ಅಂತಾನೂ ನಿಮ್ಮ ತಲೇಲಿ ಓಡ್ತಿರ್ಬಹುದು. ಆನ್‌ಲೈನ್‌ನಲ್ಲಿ 710 ಡಾಲರ್, ಪೇಪರ್‌ನಲ್ಲಿ 760, ರಿಜೆಕ್ಟ್ ಆದ್ರೆ ಅದು ವಾಪಸ್ ಬರಲ್ಲ. 30 ದಿನದೊಳಗೆ ಎನ್-336 ಹಾಕಿ ಮರುವಿಚಾರಣೆ ಕೇಳ್ಬಹುದು, ಅದಕ್ಕೆ ಮತ್ತೆ ದುಡ್ಡು. ಆರು ತಿಂಗಳು ಕಾದ್ರೆ ತಪ್ಪೋ ತಲೆನೋವಿಗೆ ಯಾಕೆ ಕೈ ಹಾಕ್ಬೇಕು. ಈ ವರ್ಷವೇ ಪಾಸ್‌ಪೋರ್ಟ್ ಬೇಕೇ ಬೇಕು ಅನ್ನೋ ತುರ್ತು ಏನಾದ್ರೂ ಇದ್ರೆ ಆಗ ಮಾತು ಬೇರೆ, ಕಾಗದ ಎಲ್ಲಾ ಇಟ್ಕೊಂಡು ಒಬ್ಬ ಇಮಿಗ್ರೇಶನ್ ವಕೀಲರನ್ನ ಮುಖತಃ ಕಂಡು ನಿರ್ಧಾರ ಮಾಡಿ.

ತಂಗಿ ಮದುವೆಗೆ ಧಾರಾಳವಾಗಿ ಹೋಗಿ ಬನ್ನಿ, ಒಂದು ತಿಂಗಳಿಂದ ನಿಮ್ಮ ಲೆಕ್ಕ ಏನೂ ಕೆಡಲ್ಲ, ಅದನ್ನ ಕಳೆದ್ರೂ ಸೆಪ್ಟೆಂಬರ್ ಹೊತ್ತಿಗೆ ಮೂರು ವರ್ಷದಲ್ಲಿ ನೀವು ಇಲ್ಲಿದ್ದಿದ್ದು 870 ದಿನದ ಹತ್ತಿರ ಆಗುತ್ತೆ, ಬೇಕಾಗಿರೋದು 548. ಮದುವೆ ಮುಗಿದ ಮೇಲೆ ಅಮ್ಮ ಇನ್ನೆರಡು ತಿಂಗಳು ಇರು ಅಂದ್ರೆ ಮಾತ್ರ ಯೋಚನೆ ಮಾಡಿ, ಯಾಕಂದ್ರೆ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದ್ಮೇಲೆ ಬೆರಳಚ್ಚಿಗೆ, ಇಂಟರ್‌ವ್ಯೂಗೆ ಯಾವಾಗ ಕರೀತಾರೆ ಅಂತ ಹೇಳೋಕಾಗಲ್ಲ, ಆಗ ಇಲ್ಲಿರ್ಬೇಕು, ಪ್ರಮಾಣವಚನ ಆಗೋವರೆಗೂ ವಾಸದ ನಿಯಮವೂ ಮುಗಿದಿರಲ್ಲ, ಹಾಗಾಗಿ ಉದ್ದದ ರಜೆ ಏನಿದ್ರೂ ಅದಕ್ಕೂ ಮೊದಲೇ ಮುಗಿಸಿ. ಮೇ ಪ್ರವಾಸದ ಹೋಗೋ ಬರೋ ಎರಡೂ ಬೋರ್ಡಿಂಗ್ ಪಾಸ್ ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ, ಫಾರ್ಮ್‌ನ ಪಟ್ಟಿಯಲ್ಲಿ ಮೊದಲ ಸಾಲು ಅದೇ ಬರೋದು.